ಇಪ್ಪತ್ತೈದನೆಯ ಸಾಲು

ನಮ್ಮ ಊರಿನ ಪ್ರಾರ್ಥನೆಯನ್ನು ಪೂರ್ತಿಯಾಗಿ ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಅದಕ್ಕೆ ಇಪ್ಪತ್ತೈದು ಸಾಲು, ಊರಿಗೆ ಇಪ್ಪತ್ತೈದು ಮನೆ, ಮನೆಗೊಂದು ಸಾಲು. ನಮ್ಮ ಸಾಲು ನಮ್ಮ ಬಾಯಿಂದಲೇ ಬರಬೇಕು, ಪಕ್ಕದ ಮನೆಯ ಸಾಲು ಪಕ್ಕದ ಮನೆಯವರ ಬಾಯಿಂದಲೇ ಬರಬೇಕು. ಇದನ್ನು ಯಾರು ಹಾಗೆ ಹಂಚಿಕೊಟ್ಟರು ಎಂದು ಕೇಳಿದರೆ ಹಿರಿಯರು ಆಕಾಶದ ಕಡೆ ಕೈ ತೋರಿಸಿ ಅಡಿಕೆ ಜಗಿಯುವುದನ್ನು ಮುಂದುವರಿಸುತ್ತಿದ್ದರು.

ಹೊಳೆ ಸಮುದ್ರ ಸೇರುವ ಜಾಗ ಅದು. ಗುಡ್ಡದ ನೆತ್ತಿಯ ಮೇಲೆ ಶಿಲುಬೆ ಹೊತ್ತ ಇಗರ್ಜಿ, ಅಲ್ಲಿಂದ ಹೊಳೆಯ ನೀರಿನವರೆಗೆ ನೂರು ಮೆಟ್ಟಿಲು. ಮೇಲಿನ ಕೇರಿಯಲ್ಲಿ ಹನ್ನೆರಡು ಮನೆ, ಮರದ ಕೆಲಸದವರು, ನೇಯುವವರು. ಕೆಳಗಿನ ಕೇರಿಯಲ್ಲಿ ಹನ್ನೊಂದು ಮನೆ, ಮೀನಿನವರು, ಉಪ್ಪಿನವರು. ಮೇಲಿನವರು ಮೊಣಕಾಲೂರಿ, ಮೊಂಬತ್ತಿ ಹಚ್ಚಿ, ತುಟಿ ಮಾತ್ರ ಅಲ್ಲಾಡಿಸಿ ಪ್ರಾರ್ಥಿಸುವವರು. ಕೆಳಗಿನವರು ನಿಂತುಕೊಂಡು, ಚಪ್ಪಾಳೆ ತಟ್ಟಿ, ಹೊಳೆಯಾಚೆಗೂ ಕೇಳುವಂತೆ ಪ್ರಾರ್ಥಿಸುವವರು. ದೇವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ ಎಂದು ಮೇಲಿನವರು ಕೆಳಗಿನವರನ್ನು ಛೇಡಿಸುತ್ತಿದ್ದರು. ಕೇಳುತ್ತದೆ, ಆದರೆ ನಿಮ್ಮ ಗೊಣಗಾಟ ಅವನಿಗೆ ಅರ್ಥವಾಗಬೇಕಲ್ಲ ಎಂದು ಕೆಳಗಿನವರು ತಿರುಗಿಸಿ ಹೇಳುತ್ತಿದ್ದರು. ಹೀಗೆ ಹೇಳಿಕೊಂಡೇ ಒಂದೇ ಛಾವಣಿಯ ಕೆಳಗೆ ಕೂರುತ್ತಿದ್ದರು.

ಐವತ್ತನೆಯ ಮೆಟ್ಟಿಲ ಪಕ್ಕದಲ್ಲಿ ನಮ್ಮ ಮನೆ. ಅಪ್ಪ ದೋಣಿಯವನು. ಅಪ್ಪನ ತಾಯಿಯ ಕಡೆ ಮೇಲಿನದು, ನನ್ನ ಅಮ್ಮ ಕೆಳಗಿನ ಕೇರಿಯಿಂದ ಬಂದವಳು, ಆದ್ದರಿಂದ ನಾವು ಎರಡೂ ಕೇರಿಗೆ ಸೇರಿದವರು, ಬೈಗುಳದ ವಿಷಯ ಬಂದಾಗ ಎರಡಕ್ಕೂ ಸೇರದವರು. ಇಪ್ಪತ್ತೈದನೆಯ ಮನೆ ಮನೆಯೇ ಅಲ್ಲ, ಇಗರ್ಜಿಯ ಗೋಡೆಗೆ ಆನಿಸಿ ಇಳಿಸಿದ ಸೂರು, ಒಂದು ಮಾಡು. ಅಲ್ಲಿ ಗಂಟೆಯಜ್ಜ ಇದ್ದ. ಗಂಟೆ ಹೊಡೆಯುವುದು ಅವನ ಕೆಲಸ. ಹೆಂಡತಿ ಮಕ್ಕಳು ನೆಂಟರು ಯಾರೂ ಇಲ್ಲದ ಬಡವ.

ಸಾಲುಗಳು ಕ್ರಮವಾಗಿ ಬರಬೇಕು. ಮೊದಲನೆಯದು ಕೆಳಗಿನ ಕೇರಿಯ ಬಲೆಯಜ್ಜಿಯದು. ಸದಾ ತೊಡೆಯ ಮೇಲೆ ಹರಿದ ಬಲೆ ಹಾಕಿಕೊಂಡು ಹೆಣೆಯುತ್ತಿದ್ದವಳು. ಆಕೆ "ನಾವು ಬಂದಿದ್ದೇವೆ" ಎನ್ನಬೇಕು. ಆಮೇಲೆ ಮೇಲಿನ ಕೇರಿಯ ಒಂದು ಮನೆ, "ಬರಿಗೈಯಲ್ಲಿ ಬಂದಿದ್ದೇವೆ". ಮತ್ತೆ ಕೆಳಗಿನದು, "ಉಪ್ಪು ನಿನ್ನದು". ಮತ್ತೆ ಮೇಲಿನದು, "ಅಕ್ಕಿ ನಿನ್ನದು". ಹೀಗೆ ಕೆಳಗೆ ಒಂದು ಮೇಲೆ ಒಂದು. ನಮ್ಮ ಮನೆಯದು ಸರೀ ನಡುವಿನದು, ಹದಿಮೂರನೆಯದು: "ನಡುನೀರಿನಲ್ಲಿ ಕೈ ಬಿಡಬೇಡ". ಇಪ್ಪತ್ತನಾಲ್ಕನೆಯದು ಮೇಲಿನ ಕೇರಿಯ ಹಿರಿಯ ಬಡಗಿಯದು: "ಬಾಗಿಲು ತೆರೆದಿದೆ". ಇಪ್ಪತ್ತೈದನೆಯ ಸಾಲು ಗಂಟೆಯಜ್ಜನದು. ಅದು ನಾವು ದೇವರಿಗೆ ಹೇಳುವ ಮಾತಲ್ಲ, ದೇವರು ನಮಗೆ ಹೇಳುವ ಉತ್ತರ ಎನ್ನುತ್ತಿದ್ದರು. ದೊಡ್ಡ ಮನೆಯವರ ಬಾಯಲ್ಲಿ ಅದು ಸೊಕ್ಕಿನ ಮಾತಿನ ಹಾಗೆ ಕೇಳೀತೆಂದು ಏನೂ ಇಲ್ಲದವನ ಬಾಯಿಗೆ ಕೊಟ್ಟಿದ್ದರು.

ಒಂದು ಮನೆಯವರು ಬರದಿದ್ದರೆ ಪ್ರಾರ್ಥನೆ ಅಲ್ಲಿಗೆ ನಿಲ್ಲುತ್ತಿತ್ತು. ಗಂಡಸರು ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹೆಂಗಸರು ಸೆರಗು ತಲೆಯ ಮೇಲೆಳೆದುಕೊಂಡು, ಮಾತಿಲ್ಲದೆ ಕಾಯುತ್ತಿದ್ದರು. ಉಪ್ಪಿನವನು ಯಾವಾಗಲೂ ತಡ. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮಕ್ಕಳ ಹೊಟ್ಟೆ ತಾಳ ಹಾಕುತ್ತಿತ್ತು. ಆದರೂ ಅವನ ಸಾಲನ್ನು ಬೇರೆಯವರು ಹೇಳಿ ಮುಗಿಸುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಕಾಯಿಲೆಯವರು ಬರಲಾಗದಿದ್ದರೆ ಇಗರ್ಜಿಯೇ ಎದ್ದು ಅವರ ಅಂಗಳಕ್ಕೆ ಹೋಗುತ್ತಿತ್ತು. ನೇಯುವವನ ಹೆಂಡತಿಗೆ ಹೆರಿಗೆ ನೋವು ಬಂದ ಭಾನುವಾರ ಊರೆಲ್ಲ ಅವಳ ಕಿಟಕಿಯ ಕೆಳಗೆ ನಿಂತಿತ್ತಂತೆ. ಎರಡು ನೋವಿನ ನಡುವೆ ಅವಳು ಕಿರುಚಿ ತನ್ನ ಸಾಲು ಹೇಳಿದಳು, ಮುಂದಿನ ಮನೆಯವರು ಅದಕ್ಕೆ ತಮ್ಮದನ್ನು ಸೇರಿಸಿದರು, ಕೊನೆಯ ಸಾಲು ಮುಗಿಯುವಾಗ ಒಳಗೆ ಮಗು ಅತ್ತಿತು. ಇದನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೋ! ಪ್ರತಿ ಸಲವೂ ಕೊನೆಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಈಗ ನಾನೂ ಹಾಗೇ ಮಾಡುತ್ತೇನೆ.

ಈ ಪ್ರಾರ್ಥನೆಯಿಂದ ಇನ್ನೊಂದು ಕೆಲಸ ಆಗುತ್ತಿತ್ತು. ಮಗುವಿಗೆ ಹೆಸರು ಅಂಟುತ್ತಿತ್ತು. ಇಪ್ಪತ್ತೈದೂ ಸಾಲು ಮುಗಿದ ಮೇಲೆ ಇಟ್ಟ ಹೆಸರು ಮಾತ್ರ ನಿಲ್ಲುವುದು. ಅದಿಲ್ಲದೆ ಇಟ್ಟ ಹೆಸರು ಸಂಜೆಯೊಳಗೆ ಎಲ್ಲರಿಗೂ ಮರೆತುಹೋಗುತ್ತದೆ, ಬರೆದಿಟ್ಟರೆ ಬರೆದದ್ದೂ ಅಳಿಸಿಹೋಗುತ್ತದೆ ಎನ್ನುತ್ತಿದ್ದರು. ಹಿಂದೆ ಯಾರಿಗೂ ಇದನ್ನು ಪರೀಕ್ಷಿಸಿ ನೋಡುವ ಪ್ರಮೇಯ ಬಂದಿರಲಿಲ್ಲ. ನನ್ನಿಂದ ಬಂತು.

ನಾನು ಹುಟ್ಟುವ ತಿಂಗಳಲ್ಲೇ ದೊಡ್ಡ ಊರಿನಲ್ಲಿ ಗದ್ದುಗೆ ಕೈ ಬದಲಾಯಿತು. ಯಾರು ಯಾರನ್ನು ಇಳಿಸಿದರೋ ನಮ್ಮವರಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟು: ಕುದುರೆಯವರು ಬರುತ್ತಾರೆ, ಅವರಿಗೆ ಜನ ಒಟ್ಟಾಗಿ ಸೇರುವ ಜಾಗ ಯಾವುದೂ ಹಿಡಿಸುವುದಿಲ್ಲ, ಹೊಳೆಯ ಮೇಲ್ಭಾಗದ ಎರಡು ಊರುಗಳಲ್ಲಿ ಇಗರ್ಜಿ ಸುಟ್ಟಿದ್ದಾರೆ. ಹೊಗೆ ನಮ್ಮ ಮೆಟ್ಟಿಲಿಂದಲೇ ಕಾಣುತ್ತಿತ್ತಂತೆ. ಬಡಗಿ ಒಂದು ಇಡೀ ದಿನ ಯೋಚನೆ ಮಾಡಿ, ಹಲಸಿನ ಮರದ ಒಂದು ಅಡ್ಡಪಟ್ಟಿ ಕೆತ್ತಿ, ಇಗರ್ಜಿಯ ಬಾಗಿಲಿಗೆ ಬಡಿದು, ಬೀಗ ಹಾಕಿದ. ಅಲ್ಲಿಯವರೆಗೆ ಆ ಬಾಗಿಲಿಗೆ ಬೀಗವೇ ಇರಲಿಲ್ಲ. ಕೀಲಿಯನ್ನು ಕೊರಳಿನ ಶಿಲುಬೆಯ ದಾರಕ್ಕೇ ಕಟ್ಟಿಕೊಂಡ.

"ಮುಚ್ಚಿದ್ದನ್ನು ಅವ್ರು ಸುಡುದಿಲ್ಲ. ಕಾಲ ಸರಿಯಾಗ್ಲಿ, ನಾನೇ ತೆಗೀತೇನೆ" ಎಂದ.

"ಮುಚ್ಚಿದ ಮೇಲೆ ಸುಟ್ರೆಂತ, ಬಿಟ್ರೆಂತ?" ಎಂದಳು ಬಲೆಯಜ್ಜಿ. "ನಿನ್ನ ಸಾಲು ಎಂತದು ಮಾರಾಯ? ಬಾಗಿಲು ತೆರೆದಿದೆ ಅಂತ ಅಲ್ವಾ? ನಾಳೆಯಿಂದ ಎಂತ ಹೇಳ್ತಿ?"

ಅವನು ಅವಳನ್ನು ಹುಚ್ಚಿ ಎಂದ, ಅವಳು ಅವನನ್ನು ಹೇಡಿ ಎಂದಳು. ಇಬ್ಬರಿಗೂ ಇಗರ್ಜಿಯ ಮೇಲೆ ಪ್ರಾಣವಿತ್ತು ಎನ್ನುವುದು ನನಗೆ ಈಗ ತಿಳಿಯುತ್ತದೆ. ಆದರೆ ಅಂದು ಆಡಿದ ಎರಡು ಮಾತು ನೂರು ಮೆಟ್ಟಿಲಿನ ಮೇಲೆ ಉರುಳುತ್ತಾ ಉರುಳುತ್ತಾ ದೊಡ್ಡದಾದವು. ಕೆಳಗಿನವರು ಮರಳಿನ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿ ಅಲ್ಲೇ ಪ್ರಾರ್ಥಿಸತೊಡಗಿದರು. ಮೇಲಿನವರು ಬಡಗಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಮುಚ್ಚಿ. ಮೆಟ್ಟಿಲ ಮೇಲೆ ಎದುರಾದರೆ ಒಬ್ಬರು ಹೊಳೆ ನೋಡುತ್ತಿದ್ದರು, ಒಬ್ಬರು ಗುಡ್ಡ ನೋಡುತ್ತಿದ್ದರು.

ಆಗಲೇ ನಮ್ಮ ಊರಿನವರು ಮಾತ್ರ ಮಾಡಬಹುದಾದ ತಪ್ಪನ್ನು ಮಾಡಿದರು. ಭಾನುವಾರ ಭಾನುವಾರ ಕೇಳಿ ಕೇಳಿ ಎಲ್ಲ ಸಾಲುಗಳೂ ಎಲ್ಲರಿಗೂ ಬಾಯಿಪಾಠವಾಗಿದ್ದವಲ್ಲ, ಮೇಲಿನವರು ಕೆಳಗಿನವರ ಸಾಲುಗಳನ್ನು ತಾವೇ ಹೇಳಿಕೊಂಡರು. ಕೆಳಗಿನವರು ಮೇಲಿನವರದನ್ನು ಹೇಳಿಕೊಂಡರು. ಕಾಯುವ ಕಷ್ಟ ತಪ್ಪಿತು. ಪ್ರಾರ್ಥನೆ ಬೇಗ ಮುಗಿಯತೊಡಗಿತು. ಉಪ್ಪಿನವನು ತಡವಾಗಿ ಬಂದರೆ ಅವನ ಸಾಲು ಯಾರೋ ಹೇಳಿ ಆಗಿರುತ್ತಿತ್ತು, ಆಮೇಲೆ ಅವನು ಬರುವುದನ್ನೇ ಬಿಟ್ಟ. ಇಪ್ಪತ್ತೈದನೆಯ ಸಾಲೊಂದನ್ನು ಎರವಲು ತರಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ಎರಡೂ ಕಡೆ ಗಂಟೆಯಜ್ಜನನ್ನು ಕರೆದರು. "ಎಲ್ಲ ಸೇರಿದಲ್ಲಿಗೆ ಬರ್ತೇನೆ" ಎಂದು ಅವನು ಎರಡೂ ಕಡೆ ಹೋಗಲಿಲ್ಲ. ಇಪ್ಪತ್ತನಾಲ್ಕಕ್ಕೇ ನಿಲ್ಲಿಸಿ ಎರಡೂ ಕಡೆಯವರು ಎದ್ದು ಹೋಗುತ್ತಿದ್ದರು.

ನಾನು ಹುಟ್ಟಿದಾಗ ನಮ್ಮ ಅಂಗಳದಲ್ಲಿ ಯಾರೂ ನಿಂತಿರಲಿಲ್ಲ. ಎಂಟನೆಯ ದಿನ ಮೇಲಿನ ಕೇರಿಯವರು ನನ್ನನ್ನು ಒಯ್ದು ಒಂದು ಹೆಸರಿಟ್ಟರು. ಸಂಜೆ ಅಮ್ಮ ತೊಟ್ಟಿಲ ಮೇಲೆ ಬಗ್ಗಿದರೆ ಬಾಯಿ ತೆರೆದದ್ದು ತೆರೆದಂತೇ ಉಳಿಯಿತು. ಹೆಸರು ಇಲ್ಲ. ಅಪ್ಪನನ್ನು ಕೇಳಿದಳು, ಅವನಿಗೂ ಇಲ್ಲ. ಇಟ್ಟವರನ್ನೇ ಕೇಳಿದರೆ ಅವರು ತಲೆ ಕೆರೆದುಕೊಂಡರು. ಕೆಳಗಿನವರು ನಕ್ಕು, ನಮ್ಮಲ್ಲಿಗೆ ತನ್ನಿ ಎಂದು ಇನ್ನೊಂದು ಹೆಸರಿಟ್ಟರು. ಅದು ದೀಪ ಹಚ್ಚುವ ಹೊತ್ತಿಗೆ ಹೋಯಿತು. ಆಮೇಲೆ ಅಮ್ಮ ಒಬ್ಬಳೇ ಪ್ರಯತ್ನ ಪಟ್ಟಳು. ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆಯುವುದು, ಬೆಳಿಗ್ಗೆ ನೋಡಿದರೆ ಬರೇ ಸುಣ್ಣ. ಹೀಗೆ ಏಳು ವರ್ಷ. ಆ ಏಳು ವರ್ಷ ಊರಿನಲ್ಲಿ ಬೇರೆ ಮಗುವೂ ಹುಟ್ಟಲಿಲ್ಲ. ಹೆಸರು ನಿಲ್ಲದ ಊರಿಗೆ ಬರಲು ಮಕ್ಕಳಿಗೇ ಮನಸ್ಸಿರಲಿಲ್ಲವೋ ಏನೋ.

ಹೆಸರಿಲ್ಲದೆ ಕಷ್ಟವಾಗಲಿಲ್ಲವೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಸುಳ್ಳೇಕೆ ಹೇಳಲಿ, ಒಂಟಿ ಮಗುವಿಗೆ ಸಿಗುವ ಸುಖವೆಲ್ಲ ನನಗೆ ಸಿಕ್ಕಿತು. "ಏ ಕೂಸೇ" ಎಂದು ಒಬ್ಬರು ಕರೆದರೆ ಮತ್ತೊಬ್ಬರು "ಹೋಯ್ ಪುಟ್ಟೀ" ಎನ್ನುತ್ತಿದ್ದರು. ಬಲೆಯಜ್ಜಿ ಸುಟ್ಟ ಬಂಗುಡೆ ಮೀನು ಕೊಡುತ್ತಿದ್ದಳು. ಬಡಗಿ ಯಾರೂ ನೋಡದಾಗ ಮರದ ಗಿಳಿ ಮಾಡಿಕೊಟ್ಟಿದ್ದ. ಇಡೀ ಊರಿನಲ್ಲಿ ನೂರೂ ಮೆಟ್ಟಿಲನ್ನು ಹತ್ತಿ ಇಳಿಯುತ್ತಿದ್ದವಳು ನಾನೊಬ್ಬಳೇ. ಆದರೆ ಅಮ್ಮ ನನ್ನನ್ನು ಕರೆಯಲು ಬಾಯಿ ತೆರೆದು, ಏನೂ ಸಿಗದೆ, ಬರೇ ಕೈ ಬೀಸುತ್ತಿದ್ದಳಲ್ಲ, ಆಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಅಮ್ಮ ಕೊಟ್ಟ ಗಂಜಿಯ ಪಾತ್ರೆ ಹಿಡಿದು ನಾನು ಗಂಟೆಯಜ್ಜನ ಮಾಡಿಗೆ ಹೋಗುತ್ತಿದ್ದೆ. ಐವತ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತರೆ ಅವನು ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, ತಲೆಯ ಬಟ್ಟೆ ತೆಗೆದು, ದೊಡ್ಡವರಿಗೆ ಹೇಳುವ ಗತ್ತಿನಲ್ಲಿ ಹೇಳುತ್ತಿದ್ದ:

"ಬಂದೆಯಾ? ನಿನಗಾಗಿಯೇ ಕಾದಿದ್ದೆವು."

ಒಬ್ಬನೇ ಇದ್ದುಕೊಂಡು ಕಾದಿದ್ದೆವು ಎನ್ನುತ್ತಾನಲ್ಲ ಎಂದು ನನಗೆ ನಗು. ಇದು ಗಂಜಿಗೆ ಅವನು ಹೇಳುವ ಉಪಕಾರ ಎಂದೇ ನಾನು ತಿಳಿದಿದ್ದೆ.

"ಇದನ್ನು ಆಟಕ್ಕೆ ಹೇಳ್ಬೇಡ ಕೂಸೇ" ಎನ್ನುತ್ತಿದ್ದ. "ಮನೇಲೂ ಬೇಡ. ಯಾರಾದ್ರೂ ಹತ್ತಿ ಇಳಿದು ಸುಸ್ತಾಗಿ, ತಡ ಆಯ್ತಲ್ಲಾ ಅಂತ ಮುಖ ಸಣ್ಣ ಮಾಡ್ಕೊಂಡು ಬಂದ್ರೆ, ಅವ್ರಿಗೆ ಹೀಗೇ ಹೇಳ್ಬೇಕು. ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸುತ್ತಿದ್ದೆ. ಆದರೆ ನಮ್ಮ ಊರಿನಲ್ಲಿ ಆಗ ಯಾರೂ ಯಾರ ಹತ್ತಿರವೂ ಬರುತ್ತಿರಲಿಲ್ಲ. ಹೇಳುವ ಸಂದರ್ಭವೇ ಸಿಗಲಿಲ್ಲ.

ನನಗೆ ಆರು ತುಂಬಿದ ವರ್ಷ ಒಂದು ದಿನ ಗಂಟೆಯಜ್ಜ ಗಂಜಿ ಕುಡಿಯದೆ ಹಾಗೇ ಕೂತಿದ್ದ. ನಾನು ಎರಡು ಸಲ ಮುಟ್ಟಿ ನೋಡಿ ಅಮ್ಮನನ್ನು ಕರೆಯಲು ಓಡಿದೆ. ಮಣ್ಣಿಗೆ ಮೇಲಿನವರು ಬೆಳಿಗ್ಗೆ ಬಂದರು, ಕೆಳಗಿನವರು ಮಧ್ಯಾಹ್ನ ಬಂದರು. ಅವತ್ತು ಮೊದಲ ಸಲ ಎರಡೂ ಕೇರಿ ಒಂದೇ ಮಾತು ಹೇಳಿತು: ವಾರಸುದಾರರಿಲ್ಲದೆ ಹೋದ, ಕೊನೆಯ ಸಾಲೂ ಹೋಯಿತು, ಇನ್ನು ಜಗಳ ಮುಗಿಸಿದರೂ ಪ್ರಾರ್ಥನೆ ಮುಗಿಯುವುದಿಲ್ಲ. ಅದುವರೆಗೆ ಎಲ್ಲೋ ಒಂದು ಕಡೆ ಎಲ್ಲರಿಗೂ ಆಸೆಯಿತ್ತು, ಅದೂ ತೀರಿತು. ನನಗೆ ಮಾತ್ರ ಗಂಜಿ ಒಯ್ಯಲು ಮನೆಯಿಲ್ಲದಂತಾದದ್ದೇ ದೊಡ್ಡ ಸಂಕಟ.

ಮರುವರ್ಷ ಸರಕಾರದ ಪಟ್ಟಿಯವನು ಬಂದ. ಮಡಚುವ ಮೇಜು, ಮಸಿಯ ಕುಡಿಕೆ, ಮೂಗು ತುಂಬ ನೆಗಡಿ. ಜೊತೆಗೆ ಇಬ್ಬರು ಕುದುರೆಯವರು. ಕೆಟ್ಟ ಮನುಷ್ಯನಲ್ಲ, ಬರೆದದ್ದನ್ನು ಮಾತ್ರ ನಂಬುವ ಮನುಷ್ಯ. ಹೊಳೆಯ ಮೆಟ್ಟಿಲ ಬುಡದಲ್ಲಿ ಮೇಜು ಹಾಕಿ ಎಲ್ಲರ ಹೆಸರು ಬರೆದುಕೊಂಡ. ಪಟ್ಟಿಯಲ್ಲಿ ಹೆಸರಿಲ್ಲದ ತಲೆ ಊರಲ್ಲಿ ಇರಬಾರದು, ಹೊಳೆಯಾಚೆಗೆ ಕಳಿಸಬೇಕು ಎನ್ನುವುದು ಹೊಸ ಅಪ್ಪಣೆ. ಆಚೆ ದಡದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಅಲ್ಲಿಂದ ಯಾರೂ ತಿರುಗಿ ಬಂದಿರಲಿಲ್ಲ. ಜನರನ್ನು ಕೂರಿಸಿಕೊಳ್ಳುವ ದೋಣಿ ಊರಿಗಿದ್ದದ್ದು ಒಂದೇ. ಅದು ಅಪ್ಪನದು.

ಅಮ್ಮ ಬಾಯಿಗೆ ಬಂದ ಒಂದು ಹೆಸರು ಹೇಳಿದಳು. ಅವನು ಬರೆದುಕೊಂಡ. ಮರುದಿನ ಬೆಳಿಗ್ಗೆ ಪುಟ ತೆರೆದರೆ ಆ ಸಾಲು ಖಾಲಿ. ಅವನು ಕುಡಿಕೆ ಮೂಸಿ ನೋಡಿದ, ಪುಟವನ್ನು ಬೆಳಕಿಗೆ ಹಿಡಿದು ನೋಡಿದ.

"ಸರಕಾರದ ಮಸಿ ಹೀಗೆ ಮಾಡೋದಿಲ್ಲ" ಎಂದ. "ಏನಮ್ಮಾ, ಮಗೂ ಹೆಸರೇನು?"

ಅಮ್ಮನಿಗೆ ನಿನ್ನೆ ಹೇಳಿದ್ದು ನೆನಪಿರಲಿಲ್ಲ. ಅವಳು ಅವನ ಮೇಜಿನ ಕಾಲು ಹಿಡಿದು ಕೂತುಬಿಟ್ಟಳು.

"ನನಗೇನು ಮಾಡೋಕಾಗುತ್ತೆ? ದೋಣಿಗೆ ಹತ್ತಿಸಿ" ಎಂದು ಅವನು ಮೂಗು ಸೀಟಿಕೊಂಡ.

ಕುದುರೆಯವನು ನನ್ನನ್ನು ಎತ್ತಿ ದೋಣಿಯಲ್ಲಿ ಕೂರಿಸಿದ. ಅಪ್ಪ ಆಗಲೇ ದೋಣಿಯಲ್ಲಿ ನಿಂತಿದ್ದ. ಅಮ್ಮನ ಕೂಗು ಕೇಳಿ ಮೇಲಿನ ಕೇರಿಯವರು ಮೆಟ್ಟಿಲ ಮೇಲೆ ಬಂದು ನಿಂತರು, ಕೆಳಗಿನವರು ಮರಳಿನ ಮೇಲೆ. ನಡುವೆ ಖಾಲಿ ಮೆಟ್ಟಿಲುಗಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಯಾರಿಗೂ ನನ್ನನ್ನು ಕೂಗಿ ಕರೆಯಲು ಹೆಸರಿರಲಿಲ್ಲ. ನನ್ನ ಕೈಯಲ್ಲಿ ಮರದ ಗಿಳಿ ಇತ್ತು.

"ಹೂಂ, ತಳ್ಳಯ್ಯಾ" ಎಂದ ಪಟ್ಟಿಯವನು.

ಅಪ್ಪ ಮಾತು ಕಡಿಮೆಯವನು. ಅವನು ಹುಟ್ಟನ್ನು ದೋಣಿಯೊಳಗೆ ಅಡ್ಡ ಇಟ್ಟ. ತಲೆಯ ಮುಂಡಾಸು ಬಿಚ್ಚಿದ. ಅದನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡ. ಕೈ ಕಟ್ಟಿ ನಿಂತ.

"ಏನಿದು?"

"ಕಾಯ್ತಾ ಇದ್ದೇನೆ ಸ್ವಾಮೀ."

"ಯಾರಿಗೆ?"

"ಜನ ಬರ್ಬೇಕು."

ಏಳು ವರ್ಷದಿಂದ ಊರಿನಲ್ಲಿ ಯಾರೂ ಆ ರೀತಿ ಮುಂಡಾಸು ಬಿಚ್ಚಿರಲಿಲ್ಲ. ಪಟ್ಟಿಯವನಿಗೆ ಅರ್ಥವಾಗಲಿಲ್ಲ, ಊರಿಗೆ ಅರ್ಥವಾಯಿತು. ಬರಲಾಗದವರಿದ್ದಲ್ಲಿಗೆ ಇಗರ್ಜಿ ಎದ್ದು ಹೋಗುವ ಪದ್ಧತಿ ಇತ್ತಲ್ಲ, ಈಗ ಇಗರ್ಜಿ ದೋಣಿಯಲ್ಲಿತ್ತು. ಮೊದಲು ಬಿಚ್ಚಿದವನು ಉಪ್ಪಿನವನು. ಆಮೇಲೆ ಮೇಲಿನಿಂದ ಒಬ್ಬ ನೇಯುವವನು. ಒಂದೊಂದಾಗಿ ಮುಂಡಾಸುಗಳು ಹೆಗಲಿಗೆ ಬಂದವು, ಸೆರಗುಗಳು ತಲೆಗೆ ಬಂದವು. ಹೊಳೆಯ ನೀರು ದೋಣಿಯ ಹೊಟ್ಟೆಗೆ ತಟ್ಟುತ್ತಿತ್ತು.

ಬಲೆಯಜ್ಜಿ ತೊಡೆಯ ಬಲೆಯನ್ನು ಮರಳಿನ ಮೇಲೆ ಇಟ್ಟು ಎದ್ದಳು. ನೀರಿನ ಅಂಚಿಗೆ ಬಂದು, ಬಡಗಿಯ ಕಡೆ ನೋಡದೆ, ಆದರೆ ಅವನಿಗೆ ಕೇಳುವಂತೆ ಹೇಳಿದಳು: "ಕೊನೇದು ಇಲ್ಲ ಅಂತ ನಂಗೂ ಗೊತ್ತುಂಟು. ಇರುವಷ್ಟು ಹೇಳುವ. ಮಗುವನ್ನು ಸುಮ್ಮನೆ ಕಳಿಸುದಕ್ಕಿಂತ ಅಷ್ಟಾದ್ರೂ ಆಗ್ಲಿ."

ಆಮೇಲೆ ಸೆರಗು ಎಳೆದುಕೊಂಡು, "ನಾವು ಬಂದಿದ್ದೇವೆ" ಎಂದಳು.

ಮೇಲಿನಿಂದ ದನಿ ಬಂತು: "ಬರಿಗೈಯಲ್ಲಿ ಬಂದಿದ್ದೇವೆ."

ಉಪ್ಪು ನಿನ್ನದು ಎಂದು ಕೆಳಗಿನಿಂದ. ಅಕ್ಕಿ ನಿನ್ನದು ಎಂದು ಮೇಲಿನಿಂದ. ತಮ್ಮ ಸಾಲು ಹೇಳಿದವರು ಒಂದು ಮೆಟ್ಟಿಲು ಮುಂದೆ ಬರುತ್ತಿದ್ದರು, ಮೇಲಿನವರು ಇಳಿಯುತ್ತಾ, ಕೆಳಗಿನವರು ಹತ್ತುತ್ತಾ. ಖಾಲಿ ಮೆಟ್ಟಿಲುಗಳು ತುಂಬತೊಡಗಿದವು. ನಾನು ಆ ಪ್ರಾರ್ಥನೆಯನ್ನು ಮೊದಲ ಸಲ ಕೇಳಿದ್ದು ಅಂದು. ಹೆಸರಿಲ್ಲದ ಮಗುವನ್ನು ಪ್ರಾರ್ಥನೆಗೆ ಕೂರಿಸುವ ಪದ್ಧತಿ ಇರಲಿಲ್ಲ. ಹದಿಮೂರನೆಯದು ಬಂದಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನಡುನೀರಿನಲ್ಲಿ ಕೈ ಬಿಡಬೇಡ" ಎಂದ. ಹೇಳಿ ಮುಗಿಸಿದರೂ ಕೈ ತೆಗೆಯದೆ ನನ್ನ ಕೂದಲು ಬಿಗಿಯಾಗಿ ಹಿಡಿದುಕೊಂಡ. ಅಪ್ಪ ಹೆದರುತ್ತಾನೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಇಪ್ಪತ್ತಮೂರು ಮುಗಿಯಿತು. ಬಡಗಿಯ ಸರದಿ. ಅವನ ಕೈ ಕೊರಳಿನ ಕೀಲಿಯ ಮೇಲೆ ಹೋಯಿತು.

"ತಡೀರಿ" ಎಂದ. "ಸುಳ್ಳು ಹೇಳ್ಳಿಕ್ಕೆ ನನ್ನಿಂದ ಆಗುದಿಲ್ಲ. ಈಗ ಬಂದೆ."

ಬೆನ್ನು ತಿರುಗಿಸಿ ಮೆಟ್ಟಿಲು ಹತ್ತತೊಡಗಿದ. ಎಪ್ಪತ್ತು ದಾಟಿದ ಮುದುಕ, ಎರಡೂ ಮೊಣಕಾಲು ಹಿಡಿದುಹೋದವನು. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ. ಕುದುರೆಯವನು ಪಟ್ಟಿಯವನ ಕಿವಿಯಲ್ಲಿ, ಬಾಗಿಲು ತೆಗೆಯಲು ಹೋಗುತ್ತಿದ್ದಾನೆ, ಅಪ್ಪಣೆ ಇಲ್ಲ ಎಂದ.

"ನನ್ನದು ತಲೆಗಳ ಪಟ್ಟಿ, ಬಾಗಿಲುಗಳದ್ದಲ್ಲ" ಎಂದು ಪಟ್ಟಿಯವನು ಸೀನಿದ. "ಆದರೆ ಎಷ್ಟು ಹೊತ್ತು? ನನಗೆ ಇನ್ನೂ ಮೂರು ಊರು ಇದೆ."

ಎಲ್ಲರೂ ಕಾದರು. ಬಿಸಿಲು ಏರಿತು, ಗಂಡಸರು ಯಾರೂ ತಲೆಗೆ ಬಟ್ಟೆ ಹಾಕಲಿಲ್ಲ. ಬಲೆಯಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾ, "ನಿಧಾನ ಮಾರಾಯ, ಬೀಳ್ಬೇಡ" ಎಂದು ಗೊಣಗಿದಳು. ಏಳು ವರ್ಷದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಒಳ್ಳೆಯ ಮಾತು ಅದು, ಅವನಿಗೆ ಕೇಳಿಸುವಂತಿರಲಿಲ್ಲ. ಮೇಲೆ ಹಲಗೆ ಕಿತ್ತ ಸದ್ದು ಬಂತು. ಆಮೇಲೆ ಎಣ್ಣೆ ಕಾಣದ ಬಾಗಿಲ ತಿರುಗಣಿಯ ಒಂದು ಉದ್ದ ಕಿರುಚಾಟ. ನನ್ನ ಜೀವನದಲ್ಲಿ ಅಷ್ಟು ಚಂದದ ಸದ್ದು ನಾನು ಮತ್ತೆ ಕೇಳಿಲ್ಲ. ಅಮ್ಮ ಮೇಜಿನ ಕಾಲು ಬಿಟ್ಟು ಎದ್ದು ನಿಂತಳು.

ಬಡಗಿ ಇಳಿದು ಬಂದ. ಜನ ಸರಿದು ದಾರಿ ಬಿಟ್ಟರು. ನೂರನೆಯ ಮೆಟ್ಟಿಲು ಇಳಿದು, ದೋಣಿಯ ಅಂಚಿಗೆ ಕೈ ಊರಿ, ನನ್ನ ಮುಖಕ್ಕೆ ಮುಖ ಕೊಟ್ಟು ನಿಂತ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಉಸಿರು ಸಿಗುತ್ತಿರಲಿಲ್ಲ. ತಡ ಮಾಡಿದೆ ಎನ್ನುವ ಸಂಕೋಚದಿಂದ ಆ ದೊಡ್ಡ ಮುಖ ಸಣ್ಣದಾಗಿತ್ತು.

"ಬಾಗಿಲು ತೆರೆದಿದೆ" ಎಂದ.

ಅದರ ನಂತರ ಏನೂ ಇರಲಿಲ್ಲ. ದೊಡ್ಡವರೆಲ್ಲ ತಲೆ ತಗ್ಗಿಸಿದರು. ಇನ್ನು ಬರಬೇಕಾದ ಸಾಲು ಇಗರ್ಜಿಯ ಹಿಂದಿನ ಮಣ್ಣಿನಲ್ಲಿತ್ತು. ಪಟ್ಟಿಯವನು ಪುಟ ಮುಚ್ಚಿದ. ಅಪ್ಪ ಬಗ್ಗಿ ಹುಟ್ಟು ಎತ್ತಿಕೊಂಡ.

ನಾನು ಮಾತ್ರ ಬಡಗಿಯನ್ನೇ ನೋಡುತ್ತಿದ್ದೆ. ಹತ್ತಿ ಇಳಿದು, ಸುಸ್ತಾಗಿ, ಮುಖ ಸಣ್ಣ ಮಾಡಿಕೊಂಡು ಬಂದವನು. ಇಂಥವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹೇಳುವ ಸಂದರ್ಭ ಬಂದದ್ದು ಇದೇ ಮೊದಲು. ನಾನು ದೋಣಿಯಲ್ಲಿ ಎದ್ದು ನಿಂತೆ, ಗಂಟೆಯಜ್ಜನ ಗತ್ತಿನಲ್ಲೇ ಹೇಳಿದೆ:

"ಬಂದೆಯಾ? ನಿನಗಾಗಿಯೇ ಕಾದಿದ್ದೆವು."

ಅಷ್ಟು ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಿದೆನಲ್ಲ, ಅಮ್ಮ ಗದರಲಿಕ್ಕೆ ಬಾಯಿ ತೆರೆದಳು. ಗದರಲಿಲ್ಲ. ಬಡಗಿ ದೋಣಿಯ ಅಂಚು ಹಿಡಿದಲ್ಲೇ ಕುಸಿದು, ಮೊಣಕಾಲವರೆಗಿನ ನೀರಿನಲ್ಲಿ ಕೂತು, ಮಗುವಿನ ಹಾಗೆ ಅತ್ತುಬಿಟ್ಟ. ಬಲೆಯಜ್ಜಿ ನೀರಿಗಿಳಿದು ಅವನ ಬೆನ್ನಿಗೆ ಕೈ ಹಾಕಿದಳು.

"ಏ ಹೇಡೀ, ಏಳು, ಶೀತ ಆಗ್ತದೆ" ಎಂದಳು. ಅವಳ ಕಣ್ಣಲ್ಲೂ ನೀರು.

ಗಂಟೆಯಜ್ಜ ತನ್ನ ಸಾಲನ್ನು ನನ್ನ ಬಾಯಿಗೆ ಕೊಟ್ಟು ಹೋಗಿದ್ದ, ಇಪ್ಪತ್ತೈದೂ ಸಾಲು ಮುಗಿದಿತ್ತು. ಅದು ನನಗೆ ಆಗ ತಿಳಿಯಲಿಲ್ಲ. ನನಗೆ ತಿಳಿದದ್ದು ಇಷ್ಟು: ಇದ್ದಕ್ಕಿದ್ದಂತೆ ಎಲ್ಲರೂ ಒಟ್ಟಿಗೆ ಕೂಗತೊಡಗಿದರು.

"ಕ್ಲೆಮೆಂತಿನಾ!" ಎಂದು ಮೇಲಿನ ಕೇರಿಯವರು. ಏಳು ವರ್ಷದ ಹಿಂದೆ ಇಟ್ಟು ಮರೆತ ಹೆಸರು ಅವರ ಬಾಯಿಗೆ ಮರಳಿ ಬಂದಿತ್ತು.

"ಜೀವಮಣಿ!" ಎಂದು ಕೆಳಗಿನವರು. ಅವರದೂ ಬಂದಿತ್ತು.

"ಒಂದು ಹೇಳಿ, ಒಂದು!" ಎಂದು ಪಟ್ಟಿಯವನು ಮೇಜು ಬಡಿದ. ಇನ್ನೇನು ಇದಕ್ಕೂ ಜಗಳ ಶುರುವಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಅಮ್ಮ ನೀರಿಗಿಳಿದು ನನ್ನನ್ನು ಎತ್ತಿಕೊಂಡಳು. "ಎರಡೂ ಬರ್ಕೊಳ್ಳಿ" ಎಂದಳು. "ನಿಮ್ಮ ಪುಟದಲ್ಲಿ ಜಾಗ ಉಂಟಲ್ಲ."

ಅವನು ಎರಡನ್ನೂ ಬರೆದ. ಸಂಜೆಯವರೆಗೆ ಕಾಯುತ್ತೇನೆ, ಅಳಿಸಿದರೆ ದೋಣಿ ಹೊರಡಲೇಬೇಕು ಎಂದು ಹೇಳಿ ಕೂತ. ಬಲೆಯಜ್ಜಿ ಅವನಿಗೆ ಶುಂಠಿ ಕಷಾಯ ಮಾಡಿಕೊಟ್ಟಳು.

ಸಂಜೆಯಾಯಿತು. ನಾನು ನಮ್ಮ ಬಾಗಿಲಲ್ಲಿ, ಐವತ್ತನೆಯ ಮೆಟ್ಟಿಲಲ್ಲಿ ಕೂತಿದ್ದೆ. ಸೂರ್ಯ ಸಮುದ್ರದಲ್ಲಿ ಮುಳುಗಿದ. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಮೊದಲು ಬಾಯಿ ತೆರೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಗ ಮೇಲಿನ ಕೇರಿಯಿಂದ ಒಂದು ಒಡಕು ದನಿ ಬಂತು. ಬಡಗಿಯದು. ತೆರೆದ ಬಾಗಿಲಿನ ಎದುರು ನಿಂತು ಕೂಗುತ್ತಿದ್ದ.

"ಜೀವಮಣೀ! ಏ ಜೀವಮಣೀ!"

ಅದು ಕೆಳಗಿನವರು ಇಟ್ಟ ಹೆಸರು. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಮರಳಿನ ಕಡೆಯಿಂದ ಬಲೆಯಜ್ಜಿ, ತನ್ನ ಹಲ್ಲಿಲ್ಲದ ಬಾಯಿಯಲ್ಲಿ, ಮೇಲಿನವರು ಇಟ್ಟ ಆ ಕಷ್ಟದ ಹೆಸರನ್ನು ತಪ್ಪು ತಪ್ಪಾಗಿ ಕೂಗಿದಳು. ಆಮೇಲೆ ಮೇಲೊಂದು ಮನೆ, ಕೆಳಗೊಂದು ಮನೆ, ಒಂದು ಮುಗಿಯುವವರೆಗೆ ಇನ್ನೊಂದು ಕಾಯುತ್ತಾ, ಇಡೀ ಊರು ನನ್ನನ್ನು ಕರೆಯಿತು. ಮೆಟ್ಟಿಲ ಬುಡದಲ್ಲಿ ಪಟ್ಟಿಯವನು ಮೇಜು ಮಡಚುವುದು ಕಾಣಿಸಿತು.

ಆ ಊರು ಈಗ ಇಲ್ಲ. ಹೊಳೆ ದಾರಿ ಬದಲಾಯಿಸಿತು, ಜನ ಚದುರಿದರು, ಇಪ್ಪತ್ತೈದರಲ್ಲಿ ಉಳಿದ ಸಾಲು ಬಹುಶಃ ನನ್ನದೊಂದೇ. ನಾನು ಈಗ ಹೋಗುವ ಇಗರ್ಜಿಯಲ್ಲಿ ಎಲ್ಲರೂ ಎಲ್ಲವನ್ನೂ ಅಚ್ಚು ಹಾಕಿದ ಹಾಳೆ ನೋಡಿ ಒಟ್ಟಿಗೆ ಹೇಳುತ್ತಾರೆ, ಬೇಗ ಮುಗಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ. ನಾನು ಮಾತ್ರ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲೇ ಕೂರುತ್ತೇನೆ. ಮುಂದೆ ಬನ್ನಿ ಎಂದು ಕರೆದರೂ ಹೋಗುವುದಿಲ್ಲ. ಅರ್ಧ ಪೂಜೆ ಕಳೆದ ಮೇಲೆ ಯಾರಾದರೂ ಏದುಸಿರು ಬಿಡುತ್ತಾ, ತಲೆ ತಗ್ಗಿಸಿಕೊಂಡು ಬರುತ್ತಾರೆ. ನಾನು ಸರಿದು ಜಾಗ ಕೊಟ್ಟು, ಅವರ ಕಿವಿಯಲ್ಲಿ ನನ್ನ ಸಾಲು ಹೇಳುತ್ತೇನೆ.